ಮೊದಲ ಪಂಕ್ತಿಯ ಊಟ

ಶ್ರೀರಾಂಪುರ, ಮೈಸೂರು
14-9-1998

ಪ್ರೀತಿಯ ಧರಣಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ಮಗಳಿಗೆ ಕತ್ತು ನಿಂತಿತೇ? ನಿನ್ನ ಸೊಂಟನೋವು ಹೇಗಿದೆ? ಬಿಸಿನೀರು ಹುಯ್ಯಿಸಿಕೊಳ್ಳುವುದನ್ನು ಬಿಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಗ ಮನೋಹರ ನಿಮ್ಮಿಬ್ಬರನ್ನು ನೋಡಲು ವಾರವಾರ ಅಲ್ಲಿಗೆ ಬಂದರೂ ನಾನೀಗ ಬರೆಯುವ ಸುದ್ದಿ ನಿನಗೆ ಹೇಳಿಲ್ಲ, ನಾನೇ ಬೇಡ ಅಂದಿದ್ದೆ. ಅಭ್ಯಾಸ ಗಟ್ಟಿಯಾಗುವ ಮುಂಚೆ ಹೇಳಿಕೊಳ್ಳಲು ನಾಚಿಕೆ. ಅವನು ಶಾಲೆಗೆ ಹೋಗುವಾಗ ಅವನ ಸ್ಲೇಟಿನಲ್ಲೇ ನಾನೂ ತಿದ್ದಿ ಕಲಿತ ಅಕ್ಷರ ಇವು, ಸೊಟ್ಟಗಿದ್ದರೆ ನಗಬೇಡ.

ಐದು ತಿಂಗಳ ಬಸುರಿ ನೀನು ಒಲೆ ಮುಂದೆ ತಲೆಸುತ್ತಿ ಬಿದ್ದ ದಿನ ಡಾಕ್ಟರಮ್ಮ, “ಎಷ್ಟೊತ್ತಿಗೆ ಉಣ್ತೀಯಮ್ಮ?” ಅಂದರು. “ಅತ್ತೆ ಉಂಡ ಮೇಲೆ” ಅಂದೆ ನೀನು. “ಅವರು?” “ಎಲ್ಲಾರ್ದೂ ಆದ್ಮೇಲೆ.” ಡಾಕ್ಟರಮ್ಮ ನನ್ನ ಮುಖ ನೋಡಿ, ಚೀಟಿ ಬರೆಯತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು. ಬಾಣಂತನಕ್ಕೆ ಕರೆದೊಯ್ಯುವಾಗ ನಿನ್ನಮ್ಮನೂ, “ಹಸ್ಕೊಂಡು ಕಾಯೋ ಮನೆಗೆ ನನ್ ಮಗಳನ್ನ ವಾಪಸ್ ಕಳ್ಸಕಿಲ್ಲ ಕಣ್ರೀ” ಅಂದುಬಿಟ್ಟರು. ತಪ್ಪು ಅನ್ನಲಾರೆ. ಕಾಯಬೇಕು ಅಂತ ನಾನು ನಿನಗೆ ಹೇಳಿರಲಿಲ್ಲ, ನಿಜ. ಆದರೆ ನಾನು ಕಾಯುತ್ತಿದ್ದರೆ ನೀನು ಹೇಗೆ ಉಂಡೀಯೆ?

ನಲವತ್ತು ವರ್ಷ ನನಗೆ ತಟ್ಟೆಯೇ ಇರಲಿಲ್ಲ ಅಂತ ಆಮೇಲೆ ಹೊಳೆಯಿತು. ಸಾರಿನ ಪಾತ್ರೆಯ ತಳಕ್ಕೇ ಮುದ್ದೆ ಹಾಕಿಕೊಂಡು ಮುಗಿಸುತ್ತಿದ್ದೆ. ಅದಕ್ಕೇ ಈಗ ಮುದ್ದೆಗೆ ಎಸರಿಡುವ ಮೊದಲು ಎಲ್ಲರ ತಟ್ಟೆಯ ಸಾಲಿನಲ್ಲಿ ನನ್ನದನ್ನೂ ಇಟ್ಟು, ಅವರ ಜೊತೆಗೇ ಉಣ್ಣಲು ಕೂರುತ್ತೇನೆ. ಇಷ್ಟೇ ನನ್ನ ಉಪಾಯ. ಮೊದಲ ವಾರ ತಟ್ಟೆ ಇತ್ತು, ನಾನಿರಲಿಲ್ಲ. ಉಪ್ಪಿಗೊಮ್ಮೆ, ನೀರಿಗೊಮ್ಮೆ, ಮಜ್ಜಿಗೆಗೊಮ್ಮೆ ಎದ್ದು ಓಡುತ್ತಿದ್ದೆ. ನಿನ್ನ ಮಾವ, “ಇವತ್ತು ಆರು ಸಲ ಎದ್ದೆ ಕಣೇ, ಬಸ್ ಕಂಡಕ್ಟ್ರೂ ಇಷ್ಟು ಓಡಾಡಕಿಲ್ಲ” ಅಂತ ರೇಗಿಸಿದರು. ಈಗ ಎಲ್ಲವನ್ನೂ ಅವರೇ ತಂದು ನಡುವೆ ಇಟ್ಟುಬಿಡುತ್ತಾರೆ. ಮೊದಮೊದಲು ಸಾರಿನ ಸೌಟನ್ನು ಮಜ್ಜಿಗೆಗೆ ಅದ್ದುತ್ತಿದ್ದರು. ಈಗ ಪರವಾಗಿಲ್ಲ.

ನಡುವೆ ಒಂದು ದಿನ ಜಾರಿಬಿಟ್ಟೆ. ಊರಿಂದ ಸಣ್ಣಮಾದಯ್ಯ ಭಾವ ಬಂದಿದ್ದರು. ನಿನ್ನ ಮಾವನ ಅಣ್ಣನ ಮುಂದೆ ಹೇಗೆ ಕೂರಲಿ ಅಂತ ಬಡಿಸಿ, ಒಳಗೆ ಹೋಗಿ ಹಳೇ ಥರ ಪಾತ್ರೆ ಹಿಡಿದೆ. ನಿನ್ನ ಮಾವ ತಮ್ಮ ತಟ್ಟೆ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತರು. “ಇದೇನ್ಲಾ ಮಂಟ, ಒಲೆ ಮುಂದೆ ಕುಂತ್ಬುಟ್ಟೆ?” ಅಂತ ಭಾವ ಇಣುಕಿದರು. “ಇವ್ಳು ಕುಂತ ಕಡೇನೇ ನಮ್ ಪಂಕ್ತಿ ಕಣಣ್ಣ.” ಭಾವ ತಮ್ಮ ತಟ್ಟೆ ಎತ್ತಿಕೊಂಡು, “ನಾನೊಬ್ನೇ ಅಲ್ಲೇನ್ ಮಾಡ್ಲಿ, ಸರ್ಕೊಳ್ರಪ್ಪ” ಅಂತ ತಾವೂ ಬಂದರು. ಆ ಗೂಡಿನಂಥ ಅಡಿಗೆಮನೆಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಮೂವರೂ ಉಂಡೆವು. ಎಷ್ಟು ನಕ್ಕೆವೆಂದರೆ ನನಗೆ ಬಿಕ್ಕಳಿಕೆ ಬಂತು. ಮಾರನೇ ದಿನ ತಪ್ಪಲಿಲ್ಲ. ಒಂದು ದಿನ ತಪ್ಪಿದರೆ ತಪ್ಪಿತು, ಎರಡನೇ ದಿನಕ್ಕೆ ಬಿಡಬಾರದು, ನಾನು ಕಲಿತದ್ದು ಅಷ್ಟೇ. ತಟ್ಟೆ ಇಡಲು ಶುರುಮಾಡಿ ಇಂದಿಗೆ ಮೂರು ತಿಂಗಳಾಯಿತು.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಕೂಸಿನ ಎರಡು ಕೆನ್ನೆಗೂ ಅಜ್ಜಿಯ ಮುತ್ತು.

ಇಂತಿ ನಿನ್ನ ಅತ್ತೆ,
ಸಾಕಮ್ಮ

ತಾ.ಕ.: ನನ್ನ ಮಾತನ್ನೇ ನಂಬಬೇಕು ಅಂತ ನಿನ್ನಮ್ಮನಿಗೆ ಹೇಳಬೇಡ. ಯಾವುದಾದರೂ ದಿನ ಮಧ್ಯಾಹ್ನ ಒಂದು ಗಂಟೆಗೆ, ಮುಂಚೆ ತಿಳಿಸದೆ, ನಿನ್ನನ್ನೂ ಮಗುವನ್ನೂ ಕರೆದುಕೊಂಡು ಬಂದು ನೋಡಲಿ. ಒಪ್ಪಿಗೆಯಾದರೆ ನಿಮ್ಮಿಬ್ಬರನ್ನು ಇಲ್ಲೇ ಬಿಟ್ಟು ಹೋಗಲಿ. ಬಾಗಿಲು ನಿನ್ನ ಮಾವ ತೆಗೆಯುತ್ತಾರೆ. ನಾನು ಉಣ್ಣುತ್ತಾ ಕೂತಿರುತ್ತೇನೆ, ಏಳುವುದಿಲ್ಲ.