ಚಕ್ರದ ಮೇಲೆ ದೋಣಿಯ ಕೈ

ಮಾರ್ಚ್ 3, ಸಂಜೆ

ಹಡಗು ಓಡಿಸೋ ಪರೀಕ್ಷೆಲಿ ಮತ್ತೆ ಫೇಲ್. ಸಿಮ್ಯುಲೇಟರ್‌ನಲ್ಲಿ ಎದುರಿಗೆ ಫೆರ್ರಿ. ಪರೀಕ್ಷೆ ತಗೊಳ್ಳೋ ಕ್ಯಾಪ್ಟನ್ ಗುನ್ವೋರ್ ಮೇಡಂ "ಬಲಕ್ಕೆ ಹತ್ತು" ಅಂದರು, ಅಂದರೆ ಹತ್ತು ಡಿಗ್ರಿ. ನಾನೂ "ಬಲಕ್ಕೆ ಹತ್ತು" ಅಂತ ಗಟ್ಟಿಯಾಗಿ ಒಪ್ಪಿಸಿದೆ. ಚಕ್ರ ತಿರುಗಿಸಿದ್ದು ಎಡಕ್ಕೆ. ಪರದೆ ಮೇಲೆ ಗುದ್ದಿಯೇ ಬಿಟ್ಟಿತು.

"ಬಾಯಿ ಪಾಸು, ಕೈ ಫೇಲು ಕಣಯ್ಯಾ," ಅಂದರು ಮೇಡಂ. ಎಲ್ಲರೂ ನಕ್ಕರು. ಇನ್ನೊಂದೇ ಚಾನ್ಸ್. ಅದೂ ಹೋದರೆ ಕಾಲೇಜಿಂದಲೇ ಹೊರಗೆ.

ಮಾರ್ಚ್ 4

ಕಾರಣ ಗೊತ್ತು. ಬುದ್ಧಿ ಬಂದಾಗಿನಿಂದ ಅಪ್ಪನ ಮೀನುದೋಣಿ. ಅದಕ್ಕೆ ಚಕ್ರ ಇಲ್ಲ, ಹಿಂದುಗಡೆ ಚುಕ್ಕಾಣಿ ಕೋಲು. ದೋಣಿ ಬಲಕ್ಕೆ ಹೋಗಬೇಕಾದರೆ ಕೋಲನ್ನ ಎಡಕ್ಕೆ ತಳ್ಳಬೇಕು. ಗಾಬರಿಯಾದರೆ ಕೈಗೆ ಅದೇ ಬರುತ್ತೆ. ರೂಮ್‌ಮೇಟ್ ಸಿಕ್ಸ್ಟೆನ್ ಮರಿಯೆಹಾಮ್ನ್ ಪೇಟೆಯವನು, ಕಾರು ಬಿಟ್ಟು ಬೇರೇನೂ ಓಡಿಸಿದವನಲ್ಲ... ಒಂದೇ ಸಲಕ್ಕೆ ಪಾಸ್. ಹೊಟ್ಟೆ ಉರಿಯುತ್ತೆ.

"ಊರಿಗೇ ಹೋಗಬೇಡ ಮಾರಾಯ, ಆ ಕೋಲು ಮುಟ್ಟಬೇಡ," ಅಂದ. ಈಗ ರೂಮಲ್ಲೇ ಅಭ್ಯಾಸ: ಅವನು ಎಡ, ಬಲ ಅಂತ ಕೂಗ್ತಾನೆ, ನಾನು ಚಕ್ರದ ಬದಲು ಬಾಣಲೆ ಮುಚ್ಚಳ ತಿರುಗಿಸ್ತೀನಿ.

ಮಾರ್ಚ್ 19

ಮುಚ್ಚಳ ಈಗ ತಪ್ಪೋದಿಲ್ಲ. ಅಪ್ಪನ ಫೋನ್. "ಹಿಮಗಡ್ಡೆ ಕರಗ್ತು ಕಣೋ. ಭುಜ ಎತ್ತಕ್ಕಾಗ್ತಿಲ್ಲ, ಬಂದು ಬಲೆ ಹಾಕು." ಪರೀಕ್ಷೆ ಅಂದೆ. "ಸರಿ ಬಿಡಪ್ಪ, ದೊಡ್ಡ ಹಡಗಿನೋರು ನೀವು." ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ.

ಏಪ್ರಿಲ್ 6

ಊರಿಗೆ ಹೋದೆ. ಹೋಗಬಾರದಿತ್ತು.

ಅಪ್ಪ ಬಲೆ ಎಳೀತಿದ್ದರು, ಕೋಲು ನನ್ನ ಕೈಲಿ. "ಬಂಡೆ ಬಂತು, ಬಲಕ್ಕೆ," ಅಂದರು. ಬಲಕ್ಕೇ ಎಳೆದೆ! ದೋಣಿ ಎಡಕ್ಕೆ ಹೋಗಿ ಬಂಡೆ ಹತ್ತಿತು. ಚಿಕ್ಕಂದಿನಿಂದ ನೋಡಿದ ಬಂಡೆ. ತಳ ಒಡೆದಿದೆ, ಈ ಸೀಸನ್ ಮುಗೀತು. ಅಪ್ಪ ಬೈಯಲಿಲ್ಲ. "ಅಲ್ಲಿ ಏನ್ ಕಲಿಸ್ತಿದಾರೋ ನಿಂಗೆ?" ಅಷ್ಟೇ.

ಏಪ್ರಿಲ್ 11, ಬೆಳಿಗ್ಗೆ

ಕೊನೇ ಪರೀಕ್ಷೆ ಇವತ್ತೇ. ಸಿಕ್ಸ್ಟೆನ್ ಕಾಫಿ ತಂದುಕೊಟ್ಟ. "ಯೋಚನೆ ಮಾಡಬೇಡ, ಕೈಗೆ ಬಿಟ್ಟುಬಿಡು," ಅಂದ. ಯಾವ ಕೈಗೆ ಅಂತ ಬಿಡಲಿ, ದೋಣಿಯ ಕೈಗೋ ಚಕ್ರದ ಕೈಗೋ?

ಮಧ್ಯಾಹ್ನ

ಚೆನ್ನಾಗೇ ಹೋಗ್ತಿತ್ತು. ಕಾಲುವೆ ತಿರುವು. "ಎಡಕ್ಕೆ ಇಪ್ಪತ್ತು," ಅಂದರು ಮೇಡಂ. "ಎಡಕ್ಕೆ ಇಪ್ಪತ್ತು," ಅಂದೆ. ಅವರು ಮತ್ತೆ ಹೇಳಿದರು. ನಾನು ಮತ್ತೆ ಒಪ್ಪಿಸಿದೆ. ಕೈ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಕೊನೆಗೆ ಗುನ್ವೋರ್ ಮೇಡಂ ಬಂದು ಬೆರಳು ಒಂದೊಂದಾಗಿ ಚಕ್ರದಿಂದ ಬಿಡಿಸಿದರು. "ಸಾಕಪ್ಪ, ಬಾ."

ಅಪ್ಪನಿಗೆ ಹೇಳಬೇಕು. ಹೋಗಲಿ ಬಿಡು, ದೋಣಿಗೇ ಬಾ, ಅಂತಾರೆ. ಹಾಗಂದರೆ ಏನ್ ಹೇಳಲಿ, ನನ್ನ ಕೈಗೆ ಈಗ ಆ ಕೋಲೂ ಬರೋಲ್ಲ ಅಂತಲಾ?