ಕತ್ತರಿಸದ ದನಿ

ಯುಜೀನ್, ಒರೆಗನ್
೧೧ ಆಗಸ್ಟ್ ೨೦೧೪, ಸೋಮವಾರ

ಪ್ರೀತಿಯ ಅಪ್ಪಾ,

ನಿನ್ನ ಮಂಡಿ ಹೇಗಿದೆ? ಕಾವಲು ಗೋಪುರದ ಮೆಟ್ಟಿಲು ಇಳಿಯುವಾಗ ನೋಯುತ್ತದೆ, ಏರುವಾಗ ಏನೂ ಇಲ್ಲ ಎಂದು ಹೋದ ಸಲ ನೀನು ಬರೆದಿದ್ದೆ. ಎರಡನೆಯದನ್ನು ನಾನು ನಂಬಲಿಲ್ಲ. ಇಲ್ಲಿ ಗುರುವಾರದಿಂದ ಆಕಾಶ ಕಂದುಬಣ್ಣಕ್ಕೆ ತಿರುಗಿದೆ, ಬೆಳಗ್ಗೆ ಕಾರಿನ ಗಾಜಿನ ಮೇಲೆ ಬೂದಿ ಕೂತಿರುತ್ತದೆ. ಅದು ಯಾವ ಕಣಿವೆಯ ಬೆಂಕಿ ಎಂದು ಬೆಟ್ಟದ ಮೇಲೆ ಕೂತು ಕಾಡನ್ನು ಕಾಯುವ ನಿನಗೇ ಚೆನ್ನಾಗಿ ಗೊತ್ತಿರುತ್ತದೆ. ಹೊಗೆ ನಿನ್ನ ಕಡೆ ತಿರುಗಿದರೆ ಕಿಟಕಿ ಮುಚ್ಚಿಕೊಂಡು ಕೂರು, ಶೂರನಾಗಬೇಡ. ಪೊಟ್ಟಣದಲ್ಲಿ ಬ್ಯಾಟರಿ, ಕಾಫಿಪುಡಿ, ದಪ್ಪ ಕಾಲುಚೀಲ, ನಮ್ಮ ಬೇಕರಿಯ ಎರಡು ಕಪ್ಪು ಬ್ರೆಡ್ಡು ಇವೆ. ಹಾರ್ಲನ್ ನಾಳೆ ಬೆಳಗ್ಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಹೊರಡುತ್ತಾನೆ, ಸಂಜೆಯೊಳಗೆ ನಿನ್ನ ಹತ್ತಿರ ಇರುತ್ತಾನೆ. ಬ್ರೆಡ್ಡು ದಾರಿಯಲ್ಲಿ ಚಪ್ಪಟೆಯಾಗಿದ್ದರೆ ಅವನನ್ನೇ ಕೇಳು.

ನಾನು ಚಳಿಗಾಲದಿಂದ ಒಂದು ಕೆಲಸಕ್ಕೆ ಕೈ ಹಾಕಿದ್ದೇನೆ, ನಿನಗೆ ಹೇಳಿರಲಿಲ್ಲ. ಸಂಗೀತ ಮಾಡುವುದನ್ನು ಕಲಿಯುತ್ತಿದ್ದೇನೆ. ನಿನ್ನ ಬ್ಯಾಂಜೊ ಥರದ್ದಲ್ಲ. ಇದಕ್ಕೆ ಗ್ಲಿಚ್ ಹಾಪ್ ಅನ್ನುತ್ತಾರೆ. ಗೀರು ಬಿದ್ದ ಸಿ.ಡಿ. ಒಂದೇ ಕಡೆ ಸಿಕ್ಕಿಕೊಂಡು ಎಗರುತ್ತದಲ್ಲ, ಹಾಗೆ ಸದ್ದುಗಳನ್ನು ಚೂರು ಚೂರು ಮಾಡಿ, ಹಿಪ್ ಹಾಪಿನ ಸೋಮಾರಿ ನಡಿಗೆಯ ತಾಳದ ಮೇಲೆ ಜೋಡಿಸುವುದು. ಒಂದು ಹಳೆಯ ಲ್ಯಾಪ್‌ಟಾಪು, ಒಂದು ಜೊತೆ ಹೆಡ್‌ಫೋನು ಇದ್ದರೆ ಸಾಕು, ಶುರು ಮಾಡಬಹುದು. ಚೆನ್ನಾಗಿ ಮಾಡುವುದಕ್ಕೆ ಏನೇನು ಬೇಕೋ ನನಗಿನ್ನೂ ತಿಳಿದಿಲ್ಲ. ಬೇಕರಿಯಲ್ಲಿ ನನ್ನ ಜೊತೆ ಹಿಟ್ಟು ನಾದುವ ಕಾಲ್ಡರ್ ಹೇಳಿಕೊಡುತ್ತಾನೆ. ಅವನಿಗೆ ಈ ಊರಿನಲ್ಲಿ ಸ್ವಲ್ಪ ಹೆಸರಿದೆ, ಸ್ಥಳೀಯ ರೇಡಿಯೊದಲ್ಲಿ ಭಾನುವಾರ ಸಂಜೆ ಒಂದು ಗಂಟೆ ಹೊತ್ತು ಅವನದೇ ಕಾರ್ಯಕ್ರಮ. ನನ್ನ ಮೊದಲ ಹಾಡನ್ನು ಕೇಳಿ ಅವನು ಒಲೆಯ ಬಾಗಿಲು ತೆರೆದಿಟ್ಟುಕೊಂಡೇ ನಕ್ಕ. "ಏನೇ ಇದು, ನಿನ್ನ ಡ್ರಮ್ಮು ಪೊಲೀಸ್ ಕವಾಯತು ಮಾಡ್ತಾ ಇದೆ. ಸ್ವಲ್ಪ ಕುಂಟಲಿ ಬಿಡೆ ಅದನ್ನ" ಅಂದ. ಪ್ರತಿಯೊಂದು ಪೆಟ್ಟನ್ನೂ ಪರದೆಯ ಮೇಲಿನ ತಾಳದ ಗೆರೆಗೆ ಸರಿಯಾಗಿ ಅಂಟಿಸುವ ಒಂದು ಗುಂಡಿ ಇರುತ್ತದೆ. ಹೊಸಬರೆಲ್ಲ ಅದನ್ನು ಒತ್ತಿ, ಎಲ್ಲ ಅಚ್ಚುಕಟ್ಟಾಯಿತು ಎಂದು ಖುಷಿಪಡುತ್ತಾರಂತೆ. ಹಾಡು ಅಲ್ಲೇ ಸಾಯುತ್ತದಂತೆ. ಪೆಟ್ಟು ಗೆರೆಗಿಂತ ಒಂದು ಕೂದಲೆಳೆ ತಡವಾಗಿ ಬೀಳಬೇಕು. ಎಷ್ಟು ತಡ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ.

ಆಮೇಲೆ ಅವನು ಇನ್ನೊಂದು ಹೇಳಿದ, ಕೊಂಡ ಸದ್ದು ಬಳಸಬೇಡ, ಅವು ಎಲ್ಲರ ಹಾಡಿನಲ್ಲೂ ಇರುತ್ತವೆ, ನಿನ್ನದೇ ಹುಡುಕಿಕೋ ಎಂದು. ಬ್ರೆಡ್ಡಿನ ತಟ್ಟೆ ಜಾರುವ ಸದ್ದು, ಒಲೆಯ ಚಿಲಕ, ಬಸ್ಸಿನ ಬಾಗಿಲು ಉಸಿರು ಬಿಡುವುದು, ಎಲ್ಲ ಹಿಡಿದಿಟ್ಟೆ. ಫೋನಿನಲ್ಲಿ ಹುಡುಕುತ್ತಿದ್ದಾಗ ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಹೋಗುವ ಮೊದಲು ನೀನು ಮನೆಯಿಂದ ಬಿಟ್ಟಿದ್ದ ದನಿಯ ಸಂದೇಶ ಸಿಕ್ಕಿತು. ಹಿಮ ಬಿದ್ದು ದಾರಿ ಮುಚ್ಚಿದೆ, ಶನಿವಾರ ಬರಬೇಡ ಎಂದಿದ್ದೆಯಲ್ಲ, ಅದು. ನನ್ನ ಹೆಸರು ಹೇಳುವುದಕ್ಕೆ ನೀನು ಪಟ್ಟ ಪಾಡು ಅದರಲ್ಲಿ ಪೂರ್ತಿ ಇದೆ. ಪೆಟ್ರಾ ಎಂದು ಹೆಸರಿಟ್ಟ ಅಮ್ಮನನ್ನು ನೀನು ಯಾವತ್ತೂ ಬೈಯಲಿಲ್ಲ, ನಾನು ಮನಸ್ಸಿನಲ್ಲೇ ಬಹಳ ಸಲ ಬೈದಿದ್ದೇನೆ. ಸುಮ್ಮನೆ ಅದನ್ನು ತಾಳದ ಮೇಲೆ ಇಟ್ಟು ನೋಡಿದೆ. ಏನೂ ಮಾಡಬೇಕಾಗಲಿಲ್ಲ, ಅಪ್ಪಾ. ನಿನ್ನ ಒಂದೊಂದು "ಪ"ಯೂ ನಾನು ವಾರಗಟ್ಟಲೆ ಹುಡುಕಿ ಸೋತಿದ್ದ ಜಾಗದಲ್ಲೇ ತಾನಾಗಿ ಬಿತ್ತು. ಡ್ರಮ್ಮೆಲ್ಲ ನಿಲ್ಲಿಸಿ, ಹಾಡಿನ ನಡುವೆ ನಿನ್ನೊಬ್ಬನ ದನಿಯನ್ನೇ ಬಿಟ್ಟೆ. ಕೊನೆಗೆ ಹೆಸರು ಪೂರ್ತಿ ಹೊರಬಂದ ಮೇಲೆ ತಾಳ ಮತ್ತೆ ಶುರುವಾಗುತ್ತದೆ. ಅಷ್ಟೇ ಹಾಡು.

ಇಲ್ಲಿ ಒಂದು ಬಾರಿನ ಹಿಂಬದಿಯ ಕೋಣೆಯಲ್ಲಿ ಗುರುವಾರ ಸಂಜೆ ಹಾಡು ಮಾಡುವವರು ಸೇರುತ್ತಾರೆ. ಹೊಸಬರು ತಮ್ಮದನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿಸಬಹುದು. ಆದರೆ ಒಂದು ಪದ್ಧತಿ ಇದೆ, ಕೇಳಿಸಿದವರು ಆಮೇಲೆ ಹಾಡನ್ನು ಗೋಡೆಯ ಮೇಲಿನ ಪರದೆಯಲ್ಲಿ ಬಿಚ್ಚಿ ತೋರಿಸಬೇಕು, ಯಾವ ತುಂಡು ಎಲ್ಲಿದೆ, ಹೇಗೆ ಕತ್ತರಿಸಿದ್ದು ಎಂದು. ಮುಚ್ಚಿಡುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಜುಲೈ ಕೊನೆಗೆ ನಾನೂ ಹೋದೆ. ನಿನ್ನ ದನಿ ಬಂದು, ಹೆಸರು ಮುಗಿದು ತಾಳ ಬಿದ್ದಾಗ ಎಲ್ಲರೂ ಒಟ್ಟಿಗೆ ಹೋ ಎಂದರು. ಹಿಂದಿನಿಂದ ಯಾರೋ "ಆ ದನಿ ಹೇಗೆ ಕತ್ತರಿಸಿದ್ದು, ಮೊದಲು ಅದು ತೋರ್ಸಮ್ಮ" ಅಂದರು. ಅವರ ಭಾಷೆಯಲ್ಲಿ ಈ ಕತ್ತರಿಕೆಗೆ ಉಗ್ಗು ಎಂದೇ ಹೆಸರು, ಹೇಳುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಬಿಚ್ಚಿದರೆ ಅಲ್ಲಿ ಕಾಣುವುದು ಒಂದೇ ಒಂದು ಉದ್ದ ಪಟ್ಟಿ, ಎಲ್ಲೂ ಕತ್ತರಿ ಬಿದ್ದಿಲ್ಲ. ನನ್ನ ಕೈ ಏಳಲಿಲ್ಲ. ಲ್ಯಾಪ್‌ಟಾಪು ಬಿಸಿಯಾಗಿದೆ ಎಂದು ಸುಳ್ಳು ಹೇಳಿ ಮುಚ್ಚಿಬಿಟ್ಟೆ.

ಅವರು ಅದನ್ನು ತಮಾಷೆಯಾಗಿ ತೆಗೆದುಕೊಂಡರು. "ಗುಟ್ಟು ಬಿಟ್ಟುಕೊಡಲ್ಲ ಇವಳು, ಗಟ್ಟಿ ಹೆಂಗಸು" ಎಂದರು. ಈಗ ಕಂಡಲ್ಲೆಲ್ಲ ನನ್ನನ್ನು "ಪ-ಪ-ಪ-ಪೆಟ್ರಾ" ಎಂದು ಕರೆಯುತ್ತಾರೆ. ಪ್ರೀತಿಯಿಂದಲೇ. ಬೇಕರಿಯ ಕಿಟಕಿಯಲ್ಲಿ ನಿಂತು ಕಾಫಿ ಕೇಳುವವರೂ ಹಾಗೆಯೇ ಕರೆದು, ನಾನು ನಗಲಿ ಎಂದು ಕಾಯುತ್ತಾರೆ. ನಾನು ನಗುತ್ತೇನೆ. ನೀನು ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬಂದಾಗ ಬೇಲಿಯ ಮೇಲೆ ಕೂತಿರುತ್ತಿದ್ದ ಹುಡುಗರೂ ಇದನ್ನೇ ಅನ್ನುತ್ತಿದ್ದರು, ಇದೇ ಧಾಟಿಯಲ್ಲಿ. ಆಗೆಲ್ಲ ನೀನು ಟ್ರಕ್ಕಿನ ಕಿಟಕಿ ಏರಿಸಿ, ಊಟಕ್ಕೆ ಏನು ಬೇಕು ಎಂದು ಕೇಳುತ್ತಿದ್ದೆ. ನಿನಗೆ ಕೇಳಿಸಿತ್ತೋ ಇಲ್ಲವೋ, ನಾನು ಯಾವತ್ತೂ ಕೇಳಲಿಲ್ಲ.

ಕಾಲ್ಡರ್ ಈ ಊರಿನವರ ಹಾಡುಗಳನ್ನು ಸೇರಿಸಿ ಒಂದು ಸಂಕಲನ ತರುತ್ತಿದ್ದಾನೆ, ನನ್ನದೂ ಇರಲಿ ಎಂದ. ಸದ್ದಿನ ಏರಿಳಿತ ಸರಿಮಾಡಿಕೊಡುತ್ತೇನೆ ಎಂದು ಹಾಡನ್ನು ತೆಗೆದುಕೊಂಡಿದ್ದಾನೆ. ಮೊನ್ನೆ ತಡೆಯಲಾರದೆ ಅವನಿಗೆ ನಿಜ ಹೇಳಿದೆ, ಅದು ಕತ್ತರಿಸಿದ್ದಲ್ಲ, ನಮ್ಮಪ್ಪ ಮಾತಾಡುವುದೇ ಹಾಗೆ ಎಂದು. ಅವನು ನಾಚಿಕೊಂಡಾನು, ಇಲ್ಲ ಕ್ಷಮೆ ಕೇಳಿಯಾನು ಎಂದುಕೊಂಡಿದ್ದೆ. ಅವನ ಮುಖ ಅರಳಿತು. "ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ? ಹಾಗಾದ್ರೆ ಇನ್ನೂ ಚೆನ್ನಾಗಾಯ್ತು. ಹಾಡಿನ ಕೆಳಗೆ ಎರಡು ಸಾಲು ಬರೆಯೋಣ, ಜನ ಅತ್ತುಬಿಡ್ತಾರೆ" ಅಂದ. ಅವನು ಕೆಟ್ಟವನಲ್ಲ, ಅಪ್ಪಾ. ಆದರೆ ಗೊತ್ತಿಲ್ಲದವರು ನಗುವುದು, ಗೊತ್ತಾದವರು ಅಳುವುದು, ಇವೆರಡರಲ್ಲಿ ಯಾವುದನ್ನೂ ನಿನ್ನ ಮೇಲೆ ಹೊರಿಸಲು ನನಗೆ ಇಷ್ಟವಿಲ್ಲ. ಹಾಗೆಂದು ಹಾಡನ್ನು ಅಳಿಸಲೂ ಮನಸ್ಸಿಲ್ಲ. ನಾನು ಮಾಡಿದ್ದರಲ್ಲಿ ಜೀವ ಇರುವುದು ಅದೊಂದಕ್ಕೇ.

ನಿನ್ನ ದನಿ ಇರಲೋ ಬೇಡವೋ, ಹೇಳಬೇಕಾದವನು ನೀನು. ಪೊಟ್ಟಣದಲ್ಲಿ ಕಾಲುಚೀಲದೊಳಗೆ ಒಂದು ಪುಟ್ಟ ಪ್ಲೇಯರು ಇಟ್ಟಿದ್ದೇನೆ, ಅದರಲ್ಲಿ ಆ ಹಾಡೊಂದೇ ಇದೆ. ಹಾರ್ಲನ್ ಎದುರಿಗೆ ಬೇಡ, ಅವನು ಹೊರಟ ಮೇಲೆ ಕೇಳು. ಬೇಡ ಅನ್ನಿಸಿದರೆ ಅವನು ಮುಂದಿನ ಸಲ ಬಂದಾಗ ಬೇಡ ಎಂದು ಒಂದು ಚೀಟಿ ಕೊಟ್ಟು ಕಳಿಸು, ಕಾರಣ ಬರೆಯಬೇಕಾಗಿಲ್ಲ. ಅಲ್ಲಿಯವರೆಗೆ ಕಾಯಲು ಕಾಲ್ಡರ್‌ನನ್ನು ಒಪ್ಪಿಸಿದ್ದೇನೆ.

ರಾತ್ರಿ ಬೆಚ್ಚಗೆ ಹೊದ್ದುಕೋ. ಹೇಸರಗತ್ತೆಗಳಿಗೆ ನನ್ನ ನೆನಪು ಹೇಳು, ಆ ಕಚ್ಚುವ ಒಂದನ್ನು ಬಿಟ್ಟು. ಮಿಂಚು ಬಂದರೆ ಕಬ್ಬಿಣದ ಒಲೆಯಿಂದ ದೂರ ಇರು.

ನಿನ್ನ ಮಗಳು,
ಪೆಟ್ರಾ

ಮರೆತ ಮಾತು: ಹಾರ್ಲನ್‌ನ ಟ್ರಕ್ಕು ಬಾಗಿಲಲ್ಲಿ ನಿಂತಿದೆ, ಅವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಹೊತ್ತಿಗೆ ಕಾಲ್ಡರ್ ಫೋನು ಮಾಡಿದ. ಅವನು ಕಾದಿಲ್ಲ. ನಿನ್ನೆ ಸಂಜೆ ರೇಡಿಯೊದಲ್ಲಿ ಹಾಡು ಹಾಕಿಬಿಟ್ಟಿದ್ದಾನೆ. ಹಾಡು ಮುಗಿಯುವ ಮೊದಲೇ ಒಬ್ಬಳು ಅಲ್ಲಿಗೆ ಫೋನು ಮಾಡಿದಳಂತೆ, ಅರಣ್ಯ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕೂರುವ ಮಾರ್ಲಿಸ್, ದಿನಾ ಬೆಳಗ್ಗೆ ನಿನ್ನಿಂದ ಹೊಗೆಯ ವರದಿ ತೆಗೆದುಕೊಳ್ಳುವವಳು. "ಇದು ನಮ್ಮ ಟಿಂಕರ್ ಬೆಟ್ಟದ ಲೋವೆಲ್ ಅವರ ದನಿ. ಅವರನ್ನ ಹಾಡಿಗೆ ಹಾಕಿರೋದು ಅವರಿಗೆ ಗೊತ್ತಾ?" ಎಂದು ಕೇಳಿದಳಂತೆ. ಗೊತ್ತು ಎಂದು ಕಾಲ್ಡರ್ ಹೇಳಿದ್ದಾನೆ. ನಾನು ಈಗಷ್ಟೇ ಅವಳ ಮನೆಗೆ ಫೋನು ಮಾಡಿ, ಗೊತ್ತಿಲ್ಲ ಎಂದು ಹೇಳಿದೆ. ಅವಳು "ಹಾಗಾದ್ರೆ ನಾನು ಅವರ ಹತ್ರ ಬಾಯಿ ಬಿಡಲ್ಲ, ನೀನೇ ಹೇಳು" ಎಂದಳು. ಎರಡು ದಿನ ಅವಳಿಗೆ ರಜೆ. ಬುಧವಾರ ಬೆಳಗ್ಗೆ ನಿನ್ನ ವರದಿ ಕೇಳುವವಳು ಅವಳೇ. ಅದಕ್ಕೆ ಮೊದಲು ಇದನ್ನು ಓದು, ಅಪ್ಪಾ.