ನಾಲ್ಕು ಸಾವಿರದ ಎಂಬತ್ತೇಳು

ಜುಲೈ 8, ಮಂಗಳವಾರ. ಸಂಜೆ 5.30

ಹತ್ತನೇ ಕ್ಲಾಸು, ಮೂರನೇ ಪಿರಿಯಡ್. ನಿನ್ನೆ 4087 ಬರೆದು, ಇದು ಅವಿಭಾಜ್ಯ, ಯಾವುದರಿಂದಲೂ ಭಾಗವಾಗದು ಎಂದಿದ್ದೆ. ಬಸ್ಸಿನಲ್ಲಿ ಕೂತು ಭಾಗಿಸಿ ನೋಡಿಯೇ ಹೇಳಿದ್ದು. ಇವತ್ತು ಶ್ರೀವಾಣಿ ಎದ್ದು ನಿಂತಳು. ಮೊಳಕಾಲ್ಮುರಿನ ನೇಕಾರರ ಹುಡುಗಿ, ಇಲ್ಲಿ ಚಳ್ಳಕೆರೆಯಲ್ಲಿ ಹಾಸ್ಟೆಲ್. ಭಾಗವಾಗುತ್ತದೆ ಎಂದಳು. ಕೈಯಲ್ಲಿ ಸೀರೆಯ ಬುಟ್ಟಾ ಬರೆಯುವ ಗ್ರಾಫ್ ಹಾಳೆ, ಕತ್ತರಿಸಿ ಅಂಟಿಸಿದ್ದು.

"ಇದು ಗಣಿತದ ಕ್ಲಾಸು, ನಿಮ್ಮ ಮಗ್ಗದ ಮನೆ ಅಲ್ಲ" ಅಂದೆ. ಎಲ್ಲರೂ ನಕ್ಕರು. ಹಾಳೆ ಕಿತ್ತುಕೊಂಡೆ.

ಊರಾಚೆ ಹುಲ್ಲುಗಾವಲಿನಲ್ಲಿರುವ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಗಣಿತ ಶಿಬಿರ, ಶಾಲೆಗೆ ಒಂದೇ ಸೀಟು. ಅವಳ ಹೆಸರೇ ಕೊಡಬೇಕೆಂದಿದ್ದೆ. ಸಿಟ್ಟಿನಲ್ಲಿ ಅದೇ ಕ್ಲಾಸಿನ ಅಂಜನ್ ಹೆಸರು ಕಳಿಸಿದೆ. ಬದಲಾಯಿಸಲು ಸೋಮವಾರದವರೆಗೆ ಟೈಮಿದೆ... ಯಾಕೆ ಬದಲಾಯಿಸಲಿ?

ಜುಲೈ 9

ತಲೆನೋವು. ಹಾಳೆ ಬಿಡಿಸಿ ನೋಡಲಿಲ್ಲ.

ಜುಲೈ 13, ಭಾನುವಾರ. ಮೊಳಕಾಲ್ಮುರು

ಮನೆಗೆ ಬಂದೆ. ಅಪ್ಪ ಮಗ್ಗದ ಮುಂದೆ. ನಾನೂ ಮಗ್ಗದ ಮನೆಯವನೇ — ಸ್ಕೂಲಿನಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ಸೀರೆ ವ್ಯಾಪಾರ ಅನ್ನುತ್ತೇನೆ.

ಹಾಳೆ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು.

"ಅರವತ್ನಾಲ್ಕಕ್ಕೆ ಅರವತ್ನಾಲ್ಕು ಮನೆ ಚೌಕ. ಮೂಲೇಲಿ ಮೂರ್ಮೂರ್ಲೆ ಒಂಬತ್ತು ಮನೆ ತೆಗ್ದವ್ರೆ. ಉಳಿದ ಪಟ್ಟಿ ಕತ್ತರ್ಸಿ ಪಕ್ಕಕ್ಕೆ ಹಚ್ಚವ್ರೆ. ಈಗ ಅರವತ್ತೊಂದು ಸಾಲು, ಸಾಲಿಗೆ ಅರವತ್ತೇಳು ಮನೆ. ಚಿಕ್ಕೋನಿದ್ದಾಗ ನೀನೂ ಹಿಂಗೇ ಮಾಡ್ತಿದ್ಯಲ್ಲೋ."

ಚೌಕದ 4096 ಮನೆಗಳಲ್ಲಿ 9 ಹೋದರೆ 4087. ಅಂದರೆ 61 × 67. ನಾನು 59ರವರೆಗೆ ಭಾಗಿಸಿದ್ದೆ. ಅಷ್ಟರಲ್ಲಿ ಬಸ್ಸು ಚಳ್ಳಕೆರೆ ತಲುಪಿತ್ತು, ಬಿಟ್ಟುಬಿಟ್ಟೆ. ಅದರ ಮುಂದಿನ ಅವಿಭಾಜ್ಯವೇ 61.

ಯಾರು ಮಾಡಿದ್ದು ಎಂದು ಅಪ್ಪ ಕೇಳಿದರು. ಒಬ್ಬ ಹುಡುಗಿ ಅಂದೆ. ಜಾಣೆ ಎಂದರು. ಅವರ ಮುಖ ನೋಡಲಾಗಲಿಲ್ಲ. ಥೂ, ಎಂಥ ಮೇಷ್ಟ್ರು ನಾನು.

ಜುಲೈ 14, ಸೋಮವಾರ. ಸಂಜೆ 4.50

ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ. ಬೋರ್ಡಿನ ಮೇಲೆ 61 × 67 ಬರೆದೆ. ಮುಂದಿನ ಬೆಂಚಿನ ರಂಜಿತಾ, ಹಾಗಾದರೆ ಅವತ್ತು ನೀವು ಹೇಳಿದ್ದು ತಪ್ಪಾ ಸಾರ್ ಎಂದಳು. ಶ್ರೀವಾಣಿ ನನ್ನನ್ನೇ ನೋಡುತ್ತಿದ್ದಳು.

"ನಿಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ಹೇಳಿದ್ದು" ಅಂದೆ.

ಹೇಗೆ ಬಂತೋ ಆ ಮಾತು! ಕ್ಲಾಸು ನಕ್ಕಿತು. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಐದಕ್ಕೆ ಶಿಬಿರದ ಪಟ್ಟಿ ಮುಚ್ಚುತ್ತದೆ. ಮೊಬೈಲಿನಲ್ಲಿ ಫಾರಂ ತೆರೆದು ಅಂಜನ್ ಹೆಸರು ತೆಗೆದೆ, ಶ್ರೀವಾಣಿ ಎಂದು ಹಾಕಿದೆ. ಕಾರಣ ಬರೆಯಲೇಬೇಕಂತೆ. ಟೈಪ್ ಮಾಡಿದ್ದೇನೆ — ಲೆಕ್ಕದಲ್ಲಿ ಅವಳೇ ಸರಿ, ತಪ್ಪು ನನ್ನದು, ಇವತ್ತು ಮಕ್ಕಳ ಮುಂದೆ ಸುಳ್ಳನ್ನೂ ಹೇಳಿದೆ. ಇದರ ಪ್ರತಿ ಹೆಡ್‌ಮಾಸ್ಟರ್ ಕೊಟ್ಟೂರಪ್ಪನವರಿಗೂ ಹೋಗುತ್ತದೆ. ನಾಳೆ ಸ್ಟಾಫ್‌ರೂಮಿಗೆಲ್ಲ ಗೊತ್ತಾಗುತ್ತದೆ.

4.57. ಇನ್ನೂ ಕಳಿಸಿಲ್ಲ. ಕೊನೆಯ ಸಾಲು ಅಳಿಸಿಬಿಟ್ಟರೆ... ಬೇಡ.

4.59. ಬೆರಳು ‘ಕಳಿಸು’ ಬಟನ್ ಮೇಲೆ